ಒಣಹುಲ್ಲಿನಿಂದ ಎಥೆನಾಲ್: ಆಮ್ಲದಿಂದ ಬೇಲರ್‌ವರೆಗಿನ ದಾರಿ

ಹುಲ್ಲು ತಿಂದ ಹಸು ಹಾಲು ಕೊಡುತ್ತದೆ. ಆದರೆ ಆ ಹುಲ್ಲನ್ನು ಒಡೆಯುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿ ಮನೆಮಾಡಿರುವ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು. ಸದ್ದಿಲ್ಲದೆ ನಡೆಯುವ ಆ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಿಸಲು ವಿಜ್ಞಾನ ಇನ್ನೂರು ವರ್ಷಗಳಿಂದ ಹೆಣಗುತ್ತಿದೆ.

ಕಷ್ಟವಿರುವುದು ಹುಲ್ಲಿನ ಕಟ್ಟಿನಲ್ಲೇ. ಒಣಹುಲ್ಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸೆಲ್ಯುಲೋಸ್, ಅಂದರೆ ಗ್ಲೂಕೋಸ್‌ನ ಉದ್ದನೆಯ ಸರಪಳಿ. ಸುಮಾರು ಕಾಲು ಭಾಗ ಹೆಮಿಸೆಲ್ಯುಲೋಸ್. ಇವೆರಡನ್ನೂ ಬಿಗಿದು ಹಿಡಿದಿರುವುದು ಲಿಗ್ನಿನ್. ಭತ್ತದ ಹುಲ್ಲಿನಲ್ಲಿ ಇದರ ಜೊತೆಗೆ ಯಂತ್ರದ ಹಲ್ಲುಗಳನ್ನು ಸವೆಸುವ ಸಿಲಿಕಾ ಬೇರೆ. ಸಕ್ಕರೆ ಒಳಗೇ ಇದೆ, ಆದರೆ ಬಾಗಿಲು ತೆರೆಯುವುದಿಲ್ಲ.

ಆ ಬಾಗಿಲನ್ನು ಮೊದಲು ತೆರೆದದ್ದು ಗಂಧಕಾಮ್ಲ. 1819ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂರಿ ಬ್ರಾಕೊನೊ ಹಳೆಯ ನಾರುಬಟ್ಟೆ ಮತ್ತು ಮರದ ಪುಡಿಯಿಂದ ಸಕ್ಕರೆ ತೆಗೆದು ತೋರಿಸಿದ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ದಕ್ಷಿಣದಲ್ಲಿ ಗರಗಸದ ಹೊಟ್ಟಿನಿಂದ ಮದ್ಯಸಾರ, ಅಂದರೆ ಎಥೆನಾಲ್ ತೆಗೆಯುವ ಕಾರ್ಖಾನೆಗಳು ನಡೆದವು. ಸೋವಿಯತ್ ಒಕ್ಕೂಟವಂತೂ ಮರದ ಜೊತೆಗೆ ಮುಸುಕಿನ ಜೋಳದ ದಿಂಡು, ಹತ್ತಿಬೀಜದ ಸಿಪ್ಪೆಯನ್ನೂ ಬಳಸಿ ಈ ಉದ್ಯಮವನ್ನು ದಶಕಗಳ ಕಾಲ ನಡೆಸಿತು. ಆದರೆ ಆಮ್ಲ ಪಾತ್ರೆಗಳನ್ನು ತಿನ್ನುತ್ತಿತ್ತು. ಬಿಡುಗಡೆಯಾದ ಸಕ್ಕರೆಯನ್ನೂ ಮತ್ತಷ್ಟು ಒಡೆದು, ಅದನ್ನು ಮದ್ಯಸಾರವಾಗಿಸುವ ಯೀಸ್ಟ್‌ಗೆ ವಿಷವಾಗುವ ಫರ್ಫ್ಯೂರಲ್ ಆಗಿಸುತ್ತಿತ್ತು. ಯುದ್ಧ ಮುಗಿದು ಪೆಟ್ರೋಲ್ ಅಗ್ಗವಾದಾಗಲೆಲ್ಲ ಇಂಥ ಕಾರ್ಖಾನೆಗಳು ಬಾಗಿಲು ಮುಚ್ಚಿದವು.

ಎರಡನೆಯ ತಿರುವು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್‌ನ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಡೇರೆಗಳು ಕೊಳೆತು ಹರಿಯುತ್ತಿದ್ದವು. ಕಾರಣ ಒಂದು ಶಿಲೀಂಧ್ರ. ಅದನ್ನು ತಡೆಯುವುದು ಹೇಗೆಂದು ಹುಡುಕಹೊರಟ ಸೇನೆಯ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಪ್ರಶ್ನೆಯನ್ನೇ ತಿರುಗಿಸಿದರು: ಹತ್ತಿಯನ್ನು ಇಷ್ಟು ಚೆನ್ನಾಗಿ ತಿನ್ನುವ ಜೀವಿಗೆ ಬೇಡವಾದ ಸೆಲ್ಯುಲೋಸನ್ನೆಲ್ಲ ಕೊಟ್ಟರೇನು? 1973ರ ತೈಲ ಬಿಕ್ಕಟ್ಟು ಆ ಪ್ರಶ್ನೆಗೆ ತುರ್ತು ತಂದಿತು. ಆ ಶಿಲೀಂಧ್ರ ಇಂದು ರೀಸ್ ಹೆಸರಿನಲ್ಲೇ ಟ್ರೈಕೋಡರ್ಮಾ ರೀಸೈ ಎನಿಸಿಕೊಂಡಿದೆ. ಹುಲ್ಲನ್ನು ಸಕ್ಕರೆಯಾಗಿಸಲು ಜಗತ್ತಿನ ಕಾರ್ಖಾನೆಗಳು ಬಳಸುವ ಸೆಲ್ಯುಲೇಸ್ ಕಿಣ್ವಗಳಲ್ಲಿ ಬಹುಪಾಲು ಅದರ ಸಂತತಿಯಿಂದಲೇ ಬರುತ್ತದೆ. ನಾಶದ ಕಾರಣ ಹುಡುಕುತ್ತಾ ಹೋಗಿ ಉಪಕರಣವೊಂದನ್ನು ಕಂಡುಕೊಂಡ ಈ ಕಥೆ, ಈ ಕ್ಷೇತ್ರದ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಇನ್ನೂ ಒಂದು ಗಂಟು ಬಿಚ್ಚಬೇಕಿತ್ತು. ಹೆಮಿಸೆಲ್ಯುಲೋಸ್‌ನಿಂದ ಬರುವ ಕ್ಸೈಲೋಸ್ ಐದು ಇಂಗಾಲದ ಸಕ್ಕರೆ. ಬೇಕರಿಯ, ಬಟ್ಟಿಯ ಯೀಸ್ಟ್ ಅದನ್ನು ಮುಟ್ಟುವುದೇ ಇಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದ ಲಾನಿ ಇಂಗ್ರಾಮ್ ಬೇರೊಂದು ಬ್ಯಾಕ್ಟೀರಿಯಾದ ಜೀನ್‌ಗಳನ್ನು ಇ. ಕೋಲೈಗೆ ಸೇರಿಸಿ, ಎರಡೂ ಬಗೆಯ ಸಕ್ಕರೆಯಿಂದ ಎಥೆನಾಲ್ ಬರುವಂತೆ ಮಾಡಿದರು. 1991ರಲ್ಲಿ ಅದಕ್ಕೆ ಸಿಕ್ಕಿದ್ದು ಅಮೆರಿಕದ 50 ಲಕ್ಷದನೆಯ ಪೇಟೆಂಟ್. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಹೋ ಇದೇ ಗುಣವನ್ನು ಯೀಸ್ಟ್‌ಗೆ ಕಲಿಸಿದರು.

ಅಲ್ಲಿಗೆ ವಿಜ್ಞಾನ ಬಹುತೇಕ ಮುಗಿಯಿತು ಎಂದೇ ಸರ್ಕಾರಗಳು ನಂಬಿದವು. 2007ರ ಅಮೆರಿಕದ ಕಾನೂನು, 2022ರ ಹೊತ್ತಿಗೆ ವರ್ಷಕ್ಕೆ 1,600 ಕೋಟಿ ಗ್ಯಾಲನ್, ಅಂದರೆ ಸುಮಾರು 6,000 ಕೋಟಿ ಲೀಟರ್ ಸೆಲ್ಯುಲೋಸ್ ಇಂಧನದ ಗುರಿ ಇಟ್ಟಿತು. ಕಾರ್ಖಾನೆಗಳು ಸಾಲಾಗಿ ಎದ್ದವು. ಇಟಲಿಯ ಕ್ರೆಶೆಂಟೀನೊದಲ್ಲಿ 2013ರಲ್ಲಿ, ಅಮೆರಿಕದ ಎಮೆಟ್ಸ್‌ಬರ್ಗ್ ಮತ್ತು ಹ್ಯೂಗೋಟನ್‌ಗಳಲ್ಲಿ 2014ರಲ್ಲಿ. ಮರುವರ್ಷ ಅಯೋವಾದ ನೆವಾಡಾ ಎಂಬ ಊರಿನಲ್ಲಿ ಡುಪಾಂಟ್ ಕಂಪನಿ ವರ್ಷಕ್ಕೆ 3 ಕೋಟಿ ಗ್ಯಾಲನ್‌ನ ಘಟಕ ತೆರೆಯಿತು. ಹ್ಯೂಗೋಟನ್ ಸುಮಾರು ಒಂದು ವರ್ಷದಲ್ಲಿ ನಿಂತಿತು, ಡುಪಾಂಟ್ ಎರಡು ವರ್ಷದಲ್ಲಿ. ರುಮೇನಿಯಾದ ಪೊಡಾರಿಯಲ್ಲಿ 2021ರಲ್ಲಿ ತೆರೆದ ಕ್ಲಾರಿಯಂಟ್ ಕಂಪನಿಯ ಘಟಕವೂ 2023ರ ಕೊನೆಯಲ್ಲಿ ಮುಚ್ಚಿತು.

ಪೆಟ್ರೋಲ್ ಬೆಲೆ ಕುಸಿದದ್ದು ಒಂದು ಕಾರಣ. ಆದರೆ ಬೆಲೆಯ ಮೇಲಷ್ಟೇ ಹೊರೆ ಹಾಕಿ ಮುಂದೆ ಹೋದರೆ ಪಾಠ ತಪ್ಪಿಹೋಗುತ್ತದೆ. ಕಿಣ್ವ, ಯೀಸ್ಟ್‌ಗಳಿಗಿಂತ ಹೆಚ್ಚು ಕಾಡಿದ್ದು ಹುಲ್ಲಿನ ಹೊರೆಯೇ. ಹೊಲದ ಮಣ್ಣು, ಕಲ್ಲು ಸೇರಿಕೊಂಡೇ ಅದು ಕಾರ್ಖಾನೆಗೆ ಬರುತ್ತದೆ. ನೀರು ಬಿದ್ದರೆ ಕೊಳೆಯುತ್ತದೆ, ಬಿಸಿಲಿನಲ್ಲಿ ಕಿಡಿ ತಾಗಿದರೆ ಹತ್ತಿ ಉರಿಯುತ್ತದೆ. ವರ್ಷಕ್ಕೊಮ್ಮೆ ಕೆಲವೇ ವಾರ ಸಿಗುವುದನ್ನು ವರ್ಷವಿಡೀ ಕಾಪಿಡಬೇಕು. ಹುಲ್ಲಿನ ಕಟ್ಟನ್ನು ಮೊದಲು ಸಡಿಲಿಸುವ ಪೂರ್ವಸಂಸ್ಕರಣೆಯ ಯಂತ್ರದ ಬಾಯಿಯಲ್ಲೇ ಅದು ಕಟ್ಟಿಕೊಳ್ಳುತ್ತದೆ. ಎಮೆಟ್ಸ್‌ಬರ್ಗ್ ವರ್ಷಗಟ್ಟಲೆ ಸೆಣಸಿದ್ದು ಈ ಹಂತದಲ್ಲಿಯೇ.

ಭಾರತ ಈ ದಾರಿಗೆ ಬಂದದ್ದು ಹೊಗೆಯ ಒತ್ತಡದಿಂದ. ಪಂಜಾಬಿನಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಎರಡು ಮೂರು ವಾರದ ಬಿಡುವು. ಅಂತರ್ಜಲ ಉಳಿಸಲೆಂದು 2009ರಲ್ಲಿ ಬಂದ ಕಾನೂನು ನಾಟಿಯನ್ನು ಮುಂದೂಡಿದ್ದರಿಂದ ಆ ಬಿಡುವು ಇನ್ನೂ ಕಿರಿದಾಯಿತು. ಕಂಬೈನ್ ಯಂತ್ರ ಬಿಟ್ಟುಹೋದ ಕೂಳೆಗೆ ಬೆಂಕಿ ಇಡುವುದೇ ರೈತನಿಗೆ ಉಳಿದ ಅಗ್ಗದ ದಾರಿ. 2018ರ ಜೈವಿಕ ಇಂಧನ ನೀತಿ, ಇಂಥ ಘಟಕಗಳಿಗೆ ನೆರವು ನೀಡುವ 2019ರ ಜೀವನ್ ಯೋಜನೆಗಳ ಬೆನ್ನಿಗೆ, 2022ರ ಆಗಸ್ಟ್ 10ರಂದು ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ ಘಟಕ ಉದ್ಘಾಟನೆಯಾಯಿತು. ತಂತ್ರಜ್ಞಾನ ಪುಣೆಯ ಪ್ರಾಜ್ ಕಂಪನಿಯದು, ವೆಚ್ಚ 900 ಕೋಟಿ ರೂಪಾಯಿಗೂ ಹೆಚ್ಚು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ಗುರಿ. ಲೆಕ್ಕ ಹಾಕಿದರೆ ಟನ್ನಿಗೆ 150 ಲೀಟರ್ ಆಯಿತು. ಒಂದು ಟನ್ ಮುಸುಕಿನ ಜೋಳ ಇದರ ಎರಡು ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಹಾಗಾಗಿ ಹುಲ್ಲಿನ ಎಥೆನಾಲ್ ಬೆಲೆಯಲ್ಲಿ ಸ್ಪರ್ಧಿಸಲಾರದು. ಆದರೆ ಮುಸುಕಿನ ಜೋಳವನ್ನು ಬೆಳೆಯಲು ನೆಲ, ನೀರು, ಗೊಬ್ಬರ ಬೇಕು, ಅದು ಕೋಳಿಗೂ ಮನುಷ್ಯನಿಗೂ ಆಹಾರ. ಈ ವ್ಯತ್ಯಾಸಕ್ಕೆ ಬೆಲೆ ಕಟ್ಟದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಈಚೆಗೆ ಗಾಳಿ ಅನಿಲದ ಕಡೆ ಬೀಸುತ್ತಿದೆ. ಡುಪಾಂಟ್ ಮಾರಿದ ಕಾರ್ಖಾನೆಯನ್ನು ಕೊಂಡ ಜರ್ಮನಿಯ ವರ್ಬಿಯೊ ಅಲ್ಲಿ ಮುಸುಕಿನ ಜೋಳದ ದಂಟಿನಿಂದ ಮೀಥೇನ್ ತೆಗೆಯತೊಡಗಿತು. ಅದೇ ಕಂಪನಿ 2022ರಲ್ಲಿ ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೆಹ್ರಾಗಾಗಾದಲ್ಲಿ, ವರ್ಷಕ್ಕೆ 1 ಲಕ್ಷ ಟನ್ ಹುಲ್ಲು ಬೇಡುವ ಜೈವಿಕ ಅನಿಲ ಘಟಕ ತೆರೆಯಿತು. ಅನಿಲಕ್ಕೆ ದುಬಾರಿ ಕಿಣ್ವ ಬೇಡ, ಶುದ್ಧ ಸಕ್ಕರೆ ಬೇಡ. ಉಳಿದ ರಾಡಿ ಗೊಬ್ಬರವಾಗಿ ಹೊಲಕ್ಕೆ ಹಿಂದಿರುಗುತ್ತದೆ, ಹುಲ್ಲಿನೊಳಗಿನ ಪೊಟ್ಯಾಷ್ ಸಮೇತ. ಮಣ್ಣಿನ ದೃಷ್ಟಿಯಿಂದ ನನಗೆ ಇದೇ ಒಳ್ಳೆಯ ದಾರಿಯಾಗಿ ಕಾಣುತ್ತದೆ.

ಕರ್ನಾಟಕಕ್ಕೆ ಪಂಜಾಬಿನ ಲೆಕ್ಕ ಹಾಗೆಯೇ ಒಗ್ಗುವುದಿಲ್ಲ. ಇಲ್ಲಿ ರಾಗಿಹುಲ್ಲು, ಜೋಳದ ಸೊಪ್ಪೆಯ ಬಣವೆ ಮನೆಯ ಆಸ್ತಿ. ಬರದ ವರ್ಷ ಮೇವು ಹೊರರಾಜ್ಯಕ್ಕೆ ಹೋಗದಂತೆ ಸರ್ಕಾರವೇ ತಡೆಯುತ್ತದೆ. ಅದನ್ನು ಕಾರ್ಖಾನೆಗೆ ಎಳೆದರೆ ಮೊದಲ ಪೆಟ್ಟು ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರಿಗೆ. ಆದರೆ ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿಯ ಬಯಲಿನಲ್ಲಿ ಕಂಬೈನ್ ಹೋದ ಮೇಲೆ ಉರಿಯುವ ಕೂಳೆ ಇದೆ, ಕಬ್ಬಿನ ಸೀಮೆಯಲ್ಲಿ ಸುಡುವ ರವದಿ ಇದೆ, ಹತ್ತಿಕಟ್ಟಿಗೆ ಇದೆ. ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ದಾವಣಗೆರೆ ಜಿಲ್ಲೆಯ ಹರಿಹರಕ್ಕೆ ಯೋಜಿಸಿದ್ದ, ದಿನಕ್ಕೆ 60 ಸಾವಿರ ಲೀಟರ್‌ನ ಎಥೆನಾಲ್ ಘಟಕಕ್ಕೆ ಮುಸುಕಿನ ಜೋಳದ ಸೀಮೆ ಸುತ್ತಲೂ ಇದೆ. ಇಂಥ ಘಟಕಗಳ ಮಂಜೂರಾತಿಗೆ ಮೊದಲು, ಸುತ್ತಲಿನ ತಾಲ್ಲೂಕುಗಳಲ್ಲಿ ಮೇವಿಗೆ ಬೇಕಾದದ್ದೆಷ್ಟು, ಸುಡುತ್ತಿರುವುದೆಷ್ಟು ಎಂದು ಊರೂರಿನಲ್ಲಿ ಅಳೆಯಬೇಕು. ಸುಡುವುದನ್ನು ಮಾತ್ರ ಕೊಳ್ಳಬೇಕು. ಕಂಬೈನ್‌ನ ಹಿಂದೆಯೇ ಹೊಲಕ್ಕಿಳಿದು ಹುಲ್ಲನ್ನು ಹೊರೆ ಕಟ್ಟುವ ಬೇಲರ್‌ನ ಬಾಡಿಗೆಯನ್ನು ರೈತನಲ್ಲ, ಹುಲ್ಲು ಕೊಳ್ಳುವ ಕಾರ್ಖಾನೆ ಕೊಡಬೇಕು.