ದಯೆಯೋ, ಹಕ್ಕೋ: ಪಿಂಚಣಿಯ ಅರ್ಹತೆ ಕುರಿತ ಕೆಲವು ವ್ಯಾಜ್ಯಗಳು

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ನಮ್ಮ ಮುಂದೆ ತೆರೆದಿಟ್ಟರು. ತೀರಿಕೊಂಡ ಪತಿಯ ಪಿಂಚಣಿ ಪಾವತಿ ಆದೇಶದಲ್ಲಿರುವುದು ಮದುವೆಯಲ್ಲಿ ಅತ್ತೆಮನೆಯವರು ಅವರಿಗೆ ಇಟ್ಟ ಹೆಸರು. ಆಧಾರ್‌ನಲ್ಲಿರುವುದು ತವರಿನ ಹೆಸರು. ಊರಿನ ಹೆಸರು ಒಂದು ಕಾಗದದಲ್ಲಿ ಇನಿಷಿಯಲ್ಲಾಗಿ ನಿಂತಿದ್ದರೆ ಇನ್ನೊಂದರಲ್ಲಿ ಅಡ್ಡಹೆಸರಾಗಿ ಬೆಳೆದಿದೆ. ಇಬ್ಬರೂ ಒಬ್ಬರೇ ಎಂದು ಕಚೇರಿಯನ್ನು ಒಪ್ಪಿಸಲು ಅವರಿಗೆ ಹನ್ನೊಂದು ತಿಂಗಳು ಹಿಡಿಯಿತು. ಹೊರನಾಡ ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ. ಆದರೆ ಆ ಕಾಗದಗಳನ್ನು ಹರಡಿಕೊಂಡು ಕುಳಿತಾಗ ನಮ್ಮಲ್ಲಿ ಹುಟ್ಟಿದ ಪ್ರಶ್ನೆ ಹಳೆಯದು. ಈ ಹಣ ಸರ್ಕಾರದ ದಯೆಯೋ, ದುಡಿದವನ ಹಕ್ಕೋ?

ಬ್ರಿಟಿಷರ ಉತ್ತರ ಸ್ಪಷ್ಟವಾಗಿತ್ತು. 1871ರ ಪಿಂಚಣಿ ಕಾಯಿದೆಯ ನಾಲ್ಕನೆಯ ಕಲಮು ಪಿಂಚಣಿಗೆ ಸಂಬಂಧಿಸಿದ ದಾವೆಗಳಿಗೆ ಸಿವಿಲ್ ನ್ಯಾಯಾಲಯದ ಬಾಗಿಲನ್ನು ಮುಚ್ಚಿತು. ಕಲೆಕ್ಟರರೋ ಅಂಥ ಅಧಿಕಾರಿಯೋ ಪ್ರಮಾಣಪತ್ರ ಕೊಟ್ಟರೆ ಮಾತ್ರ ಅದು ತೆರೆಯುತ್ತಿತ್ತು. ಕೊಡುವ ಕೈಯೇ ದೂರನ್ನೂ ಆಲಿಸುವ ಏರ್ಪಾಡು ಇದು. ಸ್ವಾತಂತ್ರ್ಯಾನಂತರವೂ ಕಾಯಿದೆ ಉಳಿಯಿತು. 1971ರಲ್ಲಿ ದೇವಕಿನಂದನ ಪ್ರಸಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ಸರ್ಕಾರದ ಮರ್ಜಿಗೆ ಬಿಟ್ಟ ಕೊಡುಗೆಯಲ್ಲ, ಅದು ನೌಕರನ ಆಸ್ತಿ ಎಂದಿತು. ಹಳೆಯ ಕಾಯಿದೆ ರಿಟ್ ಅರ್ಜಿಗೆ ಅಡ್ಡಿಯಾಗದು ಎಂದೂ ಸೇರಿಸಿತು.

ಡಿ. ಎಸ್. ನಕಾರಾ ಮೊಕದ್ದಮೆಯನ್ನು ನಿವೃತ್ತರಾದ ಓದುಗರು ಬಲ್ಲರು. 1979ರಲ್ಲಿ ಸರ್ಕಾರ ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿತು. ಆದರೆ ಅದು ಆ ವರ್ಷದ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದ ನೌಕರರಿಗೆ ಮಾತ್ರ. ಒಂದು ದಿನ ಮೊದಲು ಕುರ್ಚಿ ಬಿಟ್ಟವನು ಹೊರಗುಳಿದ. ಒಂದೇ ವರ್ಗದ ಪಿಂಚಣಿದಾರರನ್ನು ತಾರೀಖಿನ ಗೆರೆ ಎಳೆದು ಸೀಳುವುದು ಸಮಾನತೆಗೆ ವಿರುದ್ಧವೆಂದು ಸಂವಿಧಾನ ಪೀಠ 1982ರ ಡಿಸೆಂಬರ್ 17ರಂದು ತೀರ್ಪಿತ್ತಿತು. ನ್ಯಾಯಮೂರ್ತಿ ಡಿ. ಎ. ದೇಸಾಯಿ ಅದನ್ನು ಬರೆದರು. ಅದೇ ದಿನ ಇಂದಿಗೂ ಪಿಂಚಣಿದಾರರ ದಿನ.

ದುಡಿದವನ ಹಕ್ಕು ಹೀಗೆ ಸ್ಥಾಪಿತವಾದರೂ ಅವನನ್ನು ನಂಬಿದವರ ಪ್ರಶ್ನೆ ಬಗೆಹರಿದಿರಲಿಲ್ಲ. 1972ರ ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳು ‘ಕುಟುಂಬ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ, ನಿವೃತ್ತಿಗೆ ಮುಂಚೆ ಕೈಹಿಡಿದವಳಷ್ಟೇ ಹೆಂಡತಿ. ನಿವೃತ್ತಿಯ ಅನಂತರ ಮದುವೆಯಾದವಳು, ಆಮೇಲೆ ಹುಟ್ಟಿದ ಮಗು ಕುಟುಂಬದವರಲ್ಲ. ಮುದುಕನನ್ನು ಅವನ ಕೊನೆಗಾಲದಲ್ಲಿ ನೋಡಿಕೊಂಡವಳು ಯಾರು ಎಂಬುದು ನಿಯಮದ ಕಣ್ಣಿಗೆ ಬೀಳಲೇ ಇಲ್ಲ. 1989ರಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧವನ್ನು ತೆಗೆದುಹಾಕಿತು. ಪಿಂಚಣಿ ಹಿಂದಿನ ಸೇವೆಗೆ ಸಲ್ಲುವ ಹಣವಾದ ಮೇಲೆ, ಮದುವೆಯ ತಾರೀಖು ಅದನ್ನು ತಡೆಯುವುದೇಕೆ ಎಂಬುದು ತರ್ಕ. ಸರಳ ತರ್ಕ; ಆದರೆ ಅದನ್ನು ಆಡಿಸಿಕೊಳ್ಳಲು ವಿಧವೆಯರು ದೆಹಲಿಯವರೆಗೆ ಹೋಗಬೇಕಾಯಿತು.

ಸೈನಿಕರ ವ್ಯಾಜ್ಯಗಳು ಇನ್ನೂ ಜಟಿಲ. ಸೇನೆಯ ನಿಯಮದಂತೆ ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತುಗಳು: ವೈಕಲ್ಯ ಕನಿಷ್ಠ ಶೇಕಡಾ 20 ಇರಬೇಕು, ಅದು ಸೇವೆಯಿಂದ ಹುಟ್ಟಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಗುಂಡೇಟಿನಲ್ಲಿ ಸಂಶಯವಿಲ್ಲ. ಮೂರ್ಛೆರೋಗ, ರಕ್ತದೊತ್ತಡ, ಮನೋವ್ಯಾಧಿಗಳಿಗೆ ಸಾಕ್ಷಿ ಯಾರು? ವೈದ್ಯಕೀಯ ಮಂಡಳಿ ‘ದೇಹಪ್ರಕೃತಿಯಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ’ ಎಂದು ಒಂದು ಸಾಲು ಗೀಚಿದರೆ ಮುಗಿಯಿತು.

1985ರಲ್ಲಿ ಸಿಗ್ನಲ್ಸ್ ದಳ ಸೇರಿದ ಒಬ್ಬ ಸಿಪಾಯಿಯನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಮನೆಗೆ ಕಳುಹಿಸಲಾಯಿತು. ವೈಕಲ್ಯ ಶೇಕಡಾ 20. ಪಿಂಚಣಿ ಸಿಗಲಿಲ್ಲ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು, ಮತ್ತೊಮ್ಮೆ ಸೋತು, ಅವರು ಸುಪ್ರೀಂ ಕೋರ್ಟಿಗೆ ಹೋದರು. 2013ರ ಜುಲೈನಲ್ಲಿ ಬಂದ ತೀರ್ಪು ಹೊಸ ಕಾನೂನನ್ನೇನೂ ಮಾಡಲಿಲ್ಲ. 1982ರ ಅರ್ಹತಾ ನಿಯಮಗಳಲ್ಲಿ ಇದ್ದುದನ್ನೇ ಓದಿತು. ಭರ್ತಿಯಾಗುವಾಗ ದಾಖಲೆಯಲ್ಲಿ ರೋಗದ ಟಿಪ್ಪಣಿ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಅರ್ಹತೆಯನ್ನು ರುಜುವಾತುಪಡಿಸುವ ಹೊಣೆ ಅವನದಲ್ಲ. ಸಂಶಯವಿದ್ದರೆ ಅದರ ಲಾಭ ಅವನಿಗೆ. ಮಂಡಳಿ ಕಾರಣಗಳನ್ನು ಬರೆಯಬೇಕು. ಮೂವತ್ತು ವರ್ಷ ಪುಸ್ತಕದಲ್ಲೇ ಇದ್ದ ನಿಯಮವಿದು! ನಮಗೆ ಅತ್ಯಂತ ಬೇಸರ ತರಿಸಿದ ಸಂಗತಿಯೆಂದರೆ, ಸೈನಿಕರ ಪರವಾದ ಇಂಥ ಆದೇಶಗಳ ಮೇಲೆ ಸರ್ಕಾರ ಆಮೇಲೆಯೂ ಮೇಲ್ಮನವಿ ಹೂಡುತ್ತಲೇ ಹೋದದ್ದು. 2015ರಲ್ಲಿ ಅಂಥ ಹಲವು ಮೇಲ್ಮನವಿಗಳು ಒಟ್ಟಿಗೆ ವಜಾಗೊಂಡವು.

ನ್ಯಾಯಾಲಯ ಯಾವಾಗಲೂ ಅರ್ಜಿದಾರರ ಕಡೆಗೇ ವಾಲಿತೆಂದು ಇದರಿಂದ ತಿಳಿಯಬಾರದು. ನಾಗಪುರದಲ್ಲಿ 1993ರಲ್ಲಿ ನಿವೃತ್ತರಾದ ಕೇಂದ್ರ ನೌಕರರೊಬ್ಬರು ಮರುವರ್ಷ ತೀರಿಕೊಂಡರು. ಅವರ ವಿಧವೆ 1996ರಲ್ಲಿ ಒಬ್ಬನನ್ನು ದತ್ತು ತೆಗೆದುಕೊಂಡರು. ಆ ದತ್ತುಪುತ್ರ ಕುಟುಂಬ ಪಿಂಚಣಿ ಕೇಳಿದ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಅದನ್ನು ಒಪ್ಪಲಿಲ್ಲ. ತೀರ್ಪು ಬರೆದವರು ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ. ವಿಧವೆ ತನಗಾಗಿ ದತ್ತು ಸ್ವೀಕರಿಸಲು 1956ರ ಕಾಯಿದೆ ಅಡ್ಡಿಯಲ್ಲ. ಆದರೆ ನೌಕರ ಸತ್ತ ಮೇಲೆ ಬಂದ ದತ್ತುಮಗನಿಗೂ ಆ ನೌಕರನಿಗೂ ಯಾವ ಸಂಬಂಧವೂ ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ಹುಟ್ಟುವ ಮಗುವಿನ ಮಾತು ಬೇರೆ. ದತ್ತುಪುತ್ರನನ್ನು ಕಂಪನಿ ಒಪ್ಪದ ಕಾರಣಕ್ಕೇ 1824ರಲ್ಲಿ ಯುದ್ಧ ಕಂಡ ಕಿತ್ತೂರಿನ ಕಡೆಯ ನಮ್ಮ ಗೆಳೆಯರು ಇದನ್ನು ಕೇಳಿ ಕೆರಳಿದರು. ಅಲ್ಲಿ ಕಸಿಯಲು ನೆವ ಹುಡುಕುತ್ತಿದ್ದ ಪರಕೀಯರಿದ್ದರು, ಇಲ್ಲಿ ಅವಲಂಬಿತರಿಗೆಂದೇ ಇಟ್ಟ ಹಣದ ಗಡಿ ಗುರುತಿಸುವ ಪ್ರಶ್ನೆಯಿತ್ತು ಎಂದು ನಮ್ಮಲ್ಲಿ ಉಳಿದವರು ವಾದಿಸಿದೆವು. ಅವರು ಇನ್ನೂ ಒಪ್ಪಿಲ್ಲ.

ಪೆಟ್ಟಿಗೆಯೊಡತಿ ಎಲ್ಲವನ್ನೂ ಸುಮ್ಮನೆ ಕೇಳಿ, ಕಾಗದಗಳನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸಿಕೊಂಡರು. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗುವಾಗ ಎರಡೂ ಹೆಸರುಗಳಿರುವ ಅಫಿಡವಿಟ್ಟನ್ನು ಜೊತೆಗೆ ಒಯ್ಯುತ್ತಾರಂತೆ.