ದೋಣಿಯ ಬದಲಿ ಡೀಸೆಲ್ ಎಂಜಿನ್
ದೋಣಿಯ ಬದಲಿ ಡೀಸೆಲ್ ಎಂಜಿನ್ ಎಂದರೆ ಹವ್ಯಾಸಿ ಮೀನುಗಾರಿಕೆಯ ದೋಣಿಯಲ್ಲಿ ಸವೆದ ಎಂಜಿನ್ನಿನ ಸ್ಥಾನದಲ್ಲಿ ಅಳವಡಿಸುವ ಎಂಜಿನ್. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡದಿಂದ ಬಿಸಿಯಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಇದರ ಯಶಸ್ವಿ ಮಾದರಿಯನ್ನು ಪರೀಕ್ಷಿಸಿದನು.

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳು ಒಳನಾಡಿನಲ್ಲಿದ್ದು, ಅಲ್ಲಿ ಇಂಥ ಎಂಜಿನ್ನುಗಳು ಟ್ರ್ಯಾಕ್ಟರು ಹಾಗೂ ನೀರೆತ್ತುವ ಪಂಪ್‌ಸೆಟ್ಟುಗಳಲ್ಲಿ ಕಾಣಸಿಗುತ್ತವೆ. ಇವನ್ನು ನೇರವಾಗಿ ದೋಣಿಗೆ ಜೋಡಿಸಲಾಗದು. ದೋಣಿಗೆ ಹಿಮ್ಮುಖ ಗೇರ್, ಸೂಕ್ತ ತಂಪುಗೊಳಿಸುವ ವ್ಯವಸ್ಥೆ ಮತ್ತು ಸುರಕ್ಷಿತ ಹೊಗೆಕೊಳವೆ ಅಗತ್ಯ.

ಆಯ್ಕೆಯಲ್ಲಿ ಅಶ್ವಶಕ್ತಿಯಷ್ಟೇ ತೂಕ, ಗೇರ್ ಅನುಪಾತ, ಪ್ರೊಪೆಲ್ಲರ್ ಹೊಂದಾಣಿಕೆಯೂ ಮುಖ್ಯ. ತೂಕ ಹೆಚ್ಚಾದರೆ ದೋಣಿಯ ಸಮತೋಲನ ಕೆಡಬಹುದು. ಪ್ರೊಪೆಲ್ಲರ್ ಅಳತೆಮೀರಿ ದೊಡ್ಡದಾದರೆ ಎಂಜಿನ್ ನಿಗದಿತ ವೇಗ ಮುಟ್ಟದೆ ಕಪ್ಪು ಹೊಗೆಯುಗುಳಿ ಬೇಗ ಸವೆಯುತ್ತದೆ. ನಡುನೀರಿನಲ್ಲಿ ಕೆಟ್ಟ ಎಂಜಿನ್ ಪ್ರಾಣಾಪಾಯ ತರಬಲ್ಲದಾದ್ದರಿಂದ, ಬಿಡಿಭಾಗ ಮತ್ತು ದುರಸ್ತಿ ಸಮೀಪದಲ್ಲೇ ದೊರೆಯುವ ಮಾದರಿ ಹೆಚ್ಚು ವಿಶ್ವಾಸಾರ್ಹ.