ತುರ್ತಿನ ಮಾತಿಗೊಂದು ಚರಿತ್ರೆ



ವೈದ್ಯಕೀಯ ಕಾಲೇಜಿನ ಪುಸ್ತಕಗಳಿಂದ ನಾವು ಕಲಿತ ಇಂಗ್ಲಿಷಿನಲ್ಲಿ ಅಗತ್ಯವನ್ನು ಸೂಚಿಸಲು ‘ರಿಕ್ವೈರ್’, ‘ಡಿಮಾಂಡ್’ ಎಂಬ ಪದಗಳಿದ್ದವು. ಹೊರನಾಡಿನ ಆಸ್ಪತ್ರೆಗಳಲ್ಲಿ ನಮ್ಮ ಕಿವಿಗೆ ಬಿದ್ದದ್ದು ‘ಕಾಲ್ ಫಾರ್’, ‘ಕ್ರೈ ಔಟ್ ಫಾರ್’. ಕ್ರಿಯಾಪದದ ಬೆನ್ನಿಗೆ ಒಂದೆರಡು ಕಿರುಪದಗಳು ಸೇರಿ ತುರ್ತನ್ನು ತಿಳಿಸುವ ಈ ಪ್ರಯೋಗಗಳಿಗೆ ದೀರ್ಘ ಚರಿತ್ರೆಯಿದೆ.

ಒಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಹಾಗೂ ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ‘ಕಲ್ಲ’ ಎಂಬ ಪದವೇ ‘ಕಾಲ್’ ಆಯಿತೆಂದು ಭಾಷಾತಜ್ಞರು ಬಹುಮಟ್ಟಿಗೆ ಒಪ್ಪುತ್ತಾರೆ. 1066ರಲ್ಲಿ ನಾರ್ಮನ್ನರು ಗೆದ್ದ ಬಳಿಕ ಫ್ರೆಂಚ್ ಭಾಷೆಗೆ ಆಸ್ಥಾನದ ಮನ್ನಣೆ ದೊರೆಯಿತು. ‘ಡಿಮಾಂಡ್’, ‘ರಿಕ್ವೈರ್’, ‘ಕ್ರೈ’ ಮೂರೂ ಆ ದಾರಿಯಲ್ಲಿ ಬಂದವು. ಮೊದಲೆರಡು ಬರಹದ ಗಾಂಭೀರ್ಯವನ್ನು ಉಳಿಸಿಕೊಂಡವು. ‘ಕ್ರೈ’ ಮಾತ್ರ ಜನರ ಬಾಯಿಗಿಳಿದು ‘ಔಟ್’, ‘ಫಾರ್’ ಎಂಬ ಅಲ್ಲಿನ ಹಳೆಯ ಕಿರುಪದಗಳೊಡನೆ ಬೆರೆಯಿತು.

ಪರಭಾಷಿಕರಿಗೆ ಇಂಥ ಜೋಡಣೆಗಳೇ ಅತ್ಯಂತ ಕಠಿಣವೆಂದು ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ 1755ರ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿದ್ದರು. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಗ್ರಂಥ.

ನೋವಿನ ಗಳಿಗೆಯಲ್ಲಿ ರೋಗಿಯು ಪುಸ್ತಕದ ಪದವನ್ನು ಹುಡುಕುವುದಿಲ್ಲ. ಆದುದರಿಂದ ಈ ಕಿರುಪದಗಳಿಗೆ ಕಿವಿಗೊಡುವುದೂ ನಮ್ಮ ವೈದ್ಯಧರ್ಮದ ಒಂದು ಭಾಗವೇ ಆಗಿದೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇವು ಸಹಜವಾಗಿಯೇ ಒದಗುತ್ತವೆ. ಅವರಿಗೆ ಇದನ್ನೂ ತಿಳಿಸೋಣ: ನೆರವಿಗಾಗಿ ಇಂಗ್ಲಿಷಿನಲ್ಲಿ ಕೂಗುವ ಆ ‘ಕಾಲ್’, ನಮ್ಮಂತೆಯೇ ಕಡಲು ದಾಟಿ ಬಂದವರು ತಂದ ಮಾತು.